ಜಕ್ಕವ್ವನ ಹುಡುಕಾಟ: ಒಂದು ಹೆಸರು, ಮೂರು ಶಾಸನ

ನನ್ನ ಹೆಸರು ಜಕ್ಕವ್ವ. ದಾಖಲೆಗಳಲ್ಲಿ ಮಾತ್ರ ಹಾಗಿಲ್ಲ. ಒಂದನೇ ಇಯತ್ತೆಗೆ ಸೇರಿಸುವಾಗ ಮಾಸ್ತರರೊಬ್ಬರು, "ಇದೆಂಥಾ ಹಳೇ ಹೆಸರು, ಜಯಶ್ರೀ ಅಂತ ಬರೀತೀನಿ" ಅಂದರು, ಬರೆದೂಬಿಟ್ಟರು. ಅಪ್ಪ ಬೇಡ ಅನ್ನಲಿಲ್ಲ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ನಮ್ಮ ಕಡೆ ರೂಢಿ. ಹಾಗಾಗಿ ಮನೆಯಲ್ಲಿ ನಾನು ಜಕ್ಕವ್ವನೇ. ಓಣಿಯ ಹುಡುಗರಿಗೆ ಇದು ಗೊತ್ತಾದ ಮೇಲೆ "ಜಕ್ಕಿಣಿ ಬಂತು" ಅಂತ ಕಾಡುತ್ತಿದ್ದರು. ಜಕ್ಕಿಣಿ ಎಂದರೆ ಹೆಣ್ಣು ದೆವ್ವ. ಕಾಲೇಜಿಗೆ ಹೋಗುವ ಹೊತ್ತಿಗೆ ಆ ಹೆಸರನ್ನು ನಾನೇ ಮುಚ್ಚಿಟ್ಟಿದ್ದೆ.

ಶಾಸನಗಳ ಓದಿಗೆ ಬಿದ್ದ ಮೇಲೆ ಒಂದು ರಾತ್ರಿ ಸುಮ್ಮನೆ ಕುತೂಹಲಕ್ಕೆ ಗೂಗಲ್‌ನಲ್ಲಿ 'ಜಕ್ಕ' ಅಂತ ಹುಡುಕಿದೆ. ಮೊದಲ ಪುಟದ ತುಂಬ ಜಕಣಾಚಾರಿ. ಕೈದಾಳದ ಕಥೆ, ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ. ಮುಂದೆ ಜಕ್ಕವಕ್ಕಿ ಬಂತು. ಅದು ಹಳಗನ್ನಡ ಕಾವ್ಯಗಳ ಚಕ್ರವಾಕ ಪಕ್ಷಿ, ನನ್ನ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಆಮೇಲೆ ರೋಣ ತಾಲೂಕಿನ ಜಕ್ಕಲಿ. ಹೆಂಗಸರು ಮಾತ್ರ ಸಿಗಲೇ ಇಲ್ಲ.

ಸಿಗದಿದ್ದಕ್ಕೆ ಕಾರಣ ಸರಳ. ಶಾಸನದ ಹೆಸರನ್ನು ಇವತ್ತಿನ ಕಾಗುಣಿತದಲ್ಲಿ ಹುಡುಕಿದರೆ ಸಿಗುವುದಿಲ್ಲ. ಇವತ್ತಿನ 'ಅವ್ವ' ಹಳಗನ್ನಡದಲ್ಲಿ 'ಅಬ್ಬೆ', ನಡುವೆ 'ಅವ್ವೆ'. ಆದ್ದರಿಂದ ಜಕ್ಕವ್ವನನ್ನು ಜಕ್ಕಬ್ಬೆ, ಜಕ್ಕಿಯಬ್ಬೆ, ಜಕ್ಕಣಬ್ಬೆ, ಜಕ್ಕಿಮವ್ವೆ ಅಂತೆಲ್ಲ ಹುಡುಕಬೇಕು. ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳಲ್ಲಿ ಕನ್ನಡ ಪಾಠವನ್ನು ಯಂತ್ರ ಸರಿಯಾಗಿ ಓದುವುದಿಲ್ಲ. ರೋಮನ್ ಲಿಪಿಯ ಪಾಠದಲ್ಲೂ ಅಕ್ಷರಗಳ ಮೇಲಿನ ಕೆಳಗಿನ ಗುರುತುಗಳು ಕಲಸಿಹೋಗಿರುತ್ತವೆ. ಕೊನೆಗೆ ನಾನು ಮಾಡಿದ್ದು ಹಳೇ ಕೆಲಸವೇ: ಹೆಸರುಗಳ ಸೂಚಿ ನೋಡುವುದು, ಪುಟ ತಿರುವುವುದು.

ಹೆಸರಿನ ಅರ್ಥ ಮೊದಲು ಹೇಳಿಬಿಡುತ್ತೇನೆ. 'ಜಕ್ಕ' ಸಂಸ್ಕೃತದ 'ಯಕ್ಷ'ದ ತದ್ಭವ. ಮೊದಲಿನ ಯಕಾರ ಜಕಾರವಾಯಿತು, 'ಕ್ಷ' ಹೋಗಿ 'ಕ್ಕ' ಆಯಿತು. ಯಕ್ಷಿ ಜಕ್ಕಿಯಾದಳು, ಯಕ್ಷಿಣಿ ಜಕ್ಕಿಣಿಯಾದಳು. ಜೈನರಲ್ಲಿ ಪ್ರತಿ ತೀರ್ಥಂಕರನಿಗೂ ಒಬ್ಬ ಯಕ್ಷ, ಒಬ್ಬ ಯಕ್ಷಿ. ಪದ್ಮಾವತಿ, ಜ್ವಾಲಾಮಾಲಿನಿ, ಕೂಷ್ಮಾಂಡಿನಿಯರ ಆರಾಧನೆ ಕರ್ನಾಟಕದಲ್ಲಿ ಬಹಳ ಬಲವಾಗಿತ್ತು. ಅಂದರೆ ಓಣಿಯ ಹುಡುಗರು ಅಂದದ್ದು ಪೂರ್ತಿ ಸುಳ್ಳಲ್ಲ. ದೇವತೆಯೇ ಊರ ಬಾಯಲ್ಲಿ ದೆವ್ವವಾಗಿದ್ದಳು, ಅಷ್ಟೇ.

ನನಗೆ ಸಿಕ್ಕವರಲ್ಲಿ ಮೂವರ ವಿಷಯ ಇಲ್ಲಿ ಬರೆಯುತ್ತೇನೆ.

ಮೊದಲನೆಯವಳು ಬಂದಳಿಕೆಯ ಜಕ್ಕಿಯಬ್ಬೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಬಂದಳಿಕೆಯ ಈ ಶಾಸನ ಬಿ.ಎಲ್. ರೈಸ್ ಅವರ ಸಂಪುಟ 7ರಲ್ಲಿ ಶಿಕಾರಿಪುರ 219 ಎಂದು ಅಚ್ಚಾಗಿದೆ. ಕಾಲ ಕ್ರಿ.ಶ. 10ನೆಯ ಶತಮಾನದ ಎರಡನೆಯ ದಶಕ, ರಾಷ್ಟ್ರಕೂಟರ ಆಳಿಕೆ. ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಳ್ಳುತ್ತಾನೆ. ಅರಸ ಆ ಪದವಿಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡುತ್ತಾನೆ. ಆಕೆ ಹೆಣ್ಣಾಗಿದ್ದರೂ ನಾಡನ್ನು ಸಮರ್ಥವಾಗಿ ಆಳಿದಳೆಂದು ಶಾಸನ ಹೊಗಳುತ್ತದೆ. ಜಕ್ಕಲಿಯ ಬಸದಿಗೆ ಭೂಮಿ ಬಿಟ್ಟದ್ದನ್ನೂ ಹೇಳುತ್ತದೆ. ಕೊನೆಗೆ ಕಾಯಿಲೆ ಬೀಳುತ್ತಾಳೆ. ಮಗಳನ್ನು ಕರೆಸಿ ತನ್ನದೆಲ್ಲವನ್ನೂ ಅವಳಿಗೆ ಒಪ್ಪಿಸಿ, ಬಂದಳಿಕೆಯ ತೀರ್ಥದ ಬಸದಿಯಲ್ಲಿ ಸಲ್ಲೇಖನದಿಂದ ದೇಹ ಬಿಡುತ್ತಾಳೆ. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ. ಈ ಸಾಲನ್ನು ಮೊದಲ ಸಲ ಓದಿದಾಗ ಸ್ವಲ್ಪ ಹೊತ್ತು ಪುಟ ತಿರುವಲು ಆಗಲಿಲ್ಲ.

ಇಲ್ಲೊಂದು ಎಚ್ಚರಿಕೆ. ಜಕ್ಕಲಿ ಅಂದ ಕೂಡಲೇ ನನಗೆ ರೋಣದ ಜಕ್ಕಲಿ ನೆನಪಾಗಿ ಖುಷಿಯಾಗಿತ್ತು. ಆದರೆ ನಾಗರಖಂಡ ಎಂಬುದು ಶಿಕಾರಿಪುರ, ಸೊರಬದ ಕಡೆಯ ನಾಡು. ಊರಿನ ಹೆಸರು ಒಂದೇ ಆದರೆ ಊರೂ ಒಂದೇ ಅಲ್ಲ. ಶಾಸನದ ಊರನ್ನು ಆ ಶಾಸನ ಹೇಳುವ ನಾಡಿನೊಳಗೇ ಮೊದಲು ಹುಡುಕಬೇಕು.

ಎರಡನೆಯವಳು ಜಕ್ಕಲದೇವಿ, ಕಲ್ಯಾಣ ಚಾಳುಕ್ಯ ಚಕ್ರವರ್ತಿ 6ನೆಯ ವಿಕ್ರಮಾದಿತ್ಯನ ರಾಣಿಯರಲ್ಲಿ ಒಬ್ಬಳು. ಕಲಬುರಗಿ ಜಿಲ್ಲೆಯ ಇಂಗಳಗಿಯಲ್ಲಿ ದೊರೆತ ಕ್ರಿ.ಶ. 1094ರ ಶಾಸನವನ್ನು ಪಿ.ಬಿ. ದೇಸಾಯಿಯವರು ಪ್ರಕಟಿಸಿದ್ದಾರೆ. ಆ ಊರು ಈ ರಾಣಿಯ ಆಡಳಿತದಲ್ಲಿತ್ತು, ಅಲ್ಲಿ ಆಕೆ ಜಿನಬಿಂಬವನ್ನು ಪ್ರತಿಷ್ಠೆ ಮಾಡಿಸಿದಳು. ದೊಡ್ಡ ಚಕ್ರವರ್ತಿಯ ಹೆಂಡತಿ ತನ್ನ ನಂಬಿಕೆಯನ್ನು ಬಿಡದೆ ನಡೆಸಿಕೊಂಡು ಹೋದದ್ದಕ್ಕೆ ಇದು ಸಾಕ್ಷಿ.

ಮೂರನೆಯವಳು ನನಗೆ ಎಲ್ಲರಿಗಿಂತ ಹತ್ತಿರದವಳು. ಶ್ರವಣಬೆಳಗೊಳ ಊರಿನ ದಕ್ಷಿಣಕ್ಕೆ ಜಕ್ಕಿಕಟ್ಟೆ ಎಂಬ ಚಿಕ್ಕ ಕೆರೆಯಿದೆ. ಪಕ್ಕದ ಬಂಡೆಗಳ ಮೇಲೆ ಜಿನಮೂರ್ತಿಗಳು, ಅವುಗಳ ಕೆಳಗೆ ಬರಹ. ಕಟ್ಟಿಸಿದವಳು ಜಕ್ಕಿಮವ್ವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಅಣ್ಣನ ಹೆಂಡತಿ, ಬೊಪ್ಪದೇವನ ತಾಯಿ, ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ. ಕಾಲ ಸುಮಾರು ಕ್ರಿ.ಶ. 1120. ಇದೇ ಹೆಂಗಸು ಬೇರೆ ಕಡೆ ಜಕ್ಕಣಬ್ಬೆ. ಒಬ್ಬಳದೇ ಹೆಸರು ಒಂದು ಕಲ್ಲಿನಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ! ಯಂತ್ರಕ್ಕೆ ಇವರು ಇಬ್ಬರು. ಗಂಡ, ಮಗ, ಗುರು ಯಾರೆಂದು ಕೂಡಿಸಿ ನೋಡುವ ಮನುಷ್ಯನಿಗೆ ಮಾತ್ರ ಒಬ್ಬಳು. ರೈಸ್ 1889ರಲ್ಲಿ ಬೆಳಗೊಳದ 144 ಶಾಸನ ಅಚ್ಚು ಹಾಕಿದ್ದರು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಸಂಪುಟದಲ್ಲಿ ಅವು 500 ಆದವು. ಹಾಗೆ ಬಂಡೆ ಬಂಡೆ ಹುಡುಕಿ ಓದಿದವರಿಂದಲೇ ಇಂಥ ಹೆಂಗಸರ ಗುರುತು ನಮಗೆ ಸಿಕ್ಕಿದೆ.

ಇವರ್ಯಾರೂ ನನ್ನ ಪೂರ್ವಜರಲ್ಲ. ಇದನ್ನು ಒತ್ತಿ ಹೇಳಲೇಬೇಕು. ಶಾಸನದಲ್ಲಿ ತಮ್ಮ ಹೆಸರೋ ಮನೆತನದ ಹೆಸರೋ ಕಂಡ ಕೂಡಲೇ "ಇವರು ನಮ್ಮವರು" ಅಂತ ವಂಶಾವಳಿ ಕಟ್ಟುವ ಚಟ ನಮ್ಮಲ್ಲಿ ಹೆಚ್ಚುತ್ತಿದೆ. ಹೆಸರು ರಕ್ತಸಂಬಂಧಕ್ಕೆ ಪುರಾವೆಯಲ್ಲ, ಜಾತಿಗೂ ಪುರಾವೆಯಲ್ಲ. ಈ ಮೂವರೂ ಜಿನಭಕ್ತೆಯರು, ನಮ್ಮ ಮನೆಯವರು ಲಿಂಗ ಕಟ್ಟಿದವರು. ಹೆಸರಷ್ಟೇ ಸಾವಿರ ವರ್ಷ ಬಾಯಿಂದ ಬಾಯಿಗೆ ದಾಟಿ ಬಂದಿದೆ. ಧರ್ಮ ಬದಲಾಯಿತು, ರಾಜರು ಹೋದರು, ಅಬ್ಬೆ ಅವ್ವೆಯಾಗಿ ಅವ್ವ ಆದಳು, ಆದರೂ ಜಕ್ಕ ಉಳಿಯಿತು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ರೂಢಿಯೂ ಅದಕ್ಕೆ ನೆರವಾಗಿರಬೇಕು ಅನ್ನಿಸುತ್ತದೆ.

ಅಷ್ಟಾದ ಮೇಲೆ ನನ್ನ ಅಜ್ಜಿಯನ್ನೇ ಹುಡುಕಬೇಕೆನ್ನಿಸಿತು. ಅಂತರ್ಜಾಲದಲ್ಲಿ ಅವಳಿಲ್ಲ. ಓದು ಬರಹ ಇರಲಿಲ್ಲ, ಸಹಿಯ ಜಾಗದಲ್ಲಿ ಹೆಬ್ಬೆಟ್ಟು. ಫೋಟೋ ಕೂಡ ಒಂದೇ, ಅದರಲ್ಲೂ ಸೆರಗು ಮುಖದ ಮೇಲೆ. ಮೊನ್ನೆ ಊರಿಗೆ ಹೋದಾಗ ಟ್ರಂಕಿನಲ್ಲಿದ್ದ ಹಳೇ ಉತಾರದ ಕಾಗದ ತೆಗೆದು ನೋಡಿದೆ. ಅಜ್ಜ ತೀರಿಕೊಂಡ ಮೇಲೆ ವಾರಸಾ ಆದಾಗ ಬರೆದದ್ದು. "ಜಕ್ಕವ್ವ ಕೋಂ" ಎಂದು ಶುರುವಾಗಿ ಆಮೇಲೆ ಅಜ್ಜನ ಹೆಸರು. ಕೋಂ ಅಂದರೆ ಇಂಥವರ ಹೆಂಡತಿ.

ಕಾಗದ ಹಿಡಿದು ನಿಂತಾಗ ಬಂದಳಿಕೆಯ ಕಲ್ಲು ನೆನಪಾಯಿತು. ಅಲ್ಲಿ 70 ಊರುಗಳ ನಾಡು, ಇಲ್ಲಿ ನಾಲ್ಕು ಎಕರೆ ಎರೆಹೊಲ. ಹೋಲಿಕೆ ಅತಿಯಾಯಿತು ಅನ್ನುವಿರೇನೋ. ಆದರೆ ಎರಡೂ ಕಡೆ ಹೆಣ್ಣಿನ ಹೆಸರು ದಾಖಲೆಗೆ ಬಂದದ್ದು ಗಂಡ ಸತ್ತ ಮೇಲೆ, ಗಂಡನ ಹೆಸರಿನ ಜೊತೆಗೆ. ಹಾಗೆ ಬರದ ಹೆಂಗಸರು ಎಷ್ಟಿದ್ದರೋ, ಅವರನ್ನು ಯಾವ ಸೂಚಿಯಲ್ಲೂ ಹುಡುಕಲಾಗದು.

ಆ ಕಾಗದ ಮಡಿಕೆಯಲ್ಲಿ ಹರಿಯತೊಡಗಿದೆ. ಅದರ ಸ್ಕ್ಯಾನ್ ಮಾಡಿಸಿಟ್ಟಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದ್ದೊಂದು ಇರಬಹುದು, ತೆಗೆದು ನೋಡಿ. ಅಜ್ಜಿಯ ಹೆಸರು ಹೇಗೆ ಬರೆದಿದೆಯೋ ಹಾಗೇ ಬರೆದಿಟ್ಟುಕೊಳ್ಳಿ, ತಿದ್ದಬೇಡಿ.

ಇನ್ನು ಮೇಲೆ ಇಲ್ಲಿಯ ಬರಹಗಳಿಗೆ ಜಕ್ಕವ್ವ ಎಂದೇ ಸಹಿ ಹಾಕುತ್ತೇನೆ.