ಘಾಟಿಯ ಮೇಲೆ, ಘಾಟಿಯ ಕೆಳಗೆ

ಶತಮಾನೋತ್ಸವದ ಈ ಶುಭವೇಳೆಯಲ್ಲಿ ಹಿರಿಯರನ್ನು ಸ್ಮರಿಸುವ ನಾವು ಅವರು ಸವೆಸಿದ ದಾರಿಯನ್ನೂ ಸ್ಮರಿಸಬೇಕಾಗಿದೆ. ಕೊಡಚಾದ್ರಿಯ ಮಗ್ಗುಲಿನ ನಿಟ್ಟೂರಿನಿಂದ ನಾಗೋಡಿ ಘಾಟಿಯಿಳಿದು ಕೊಲ್ಲೂರಿನ ಮೂಲಕ ಕುಂದಾಪುರಕ್ಕೆ ಸುಮಾರು 60 ಕಿಲೋಮೀಟರು. ಅಲ್ಲಿಂದ ಮಂಗಳೂರಿಗೆ ಇನ್ನು 90. ಬೆಂಗಳೂರಾದರೋ ಶಿವಮೊಗ್ಗೆಯ ಮಾರ್ಗವಾಗಿ 400ರ ಆಸುಪಾಸು. ಆದರೂ ಬಹುಕಾಲ ನಮ್ಮ ಧರ್ಮಾಧ್ಯಕ್ಷರಿದ್ದುದು ಆ ದೂರದ ನಗರದಲ್ಲಿಯೇ.

ಇದು ಮೊದಲಿನಿಂದ ಹೀಗಿರಲಿಲ್ಲ. ಕೆಳದಿಯ ಅರಸರ ಕಾಲದಲ್ಲಿ ಬಿದನೂರು, ಅಂದರೆ ಇಂದಿನ ನಗರ, ರಾಜಧಾನಿಯಾಗಿತ್ತು. ಮಂಗಳೂರು, ಬಸರೂರುಗಳೂ ಅದೇ ರಾಜ್ಯಕ್ಕೆ ಸೇರಿದ್ದವು. 1681ರಲ್ಲಿ ಕನ್ನಡ ಕರಾವಳಿಗೆ ಬಂದ ವಂದನೀಯ ಜೋಸೆಫ್ ವಾಜರು (2015ರಲ್ಲಿ ಸಂತಪದವಿಗೇರಿದವರು) ಸೇವೆ ಸಲ್ಲಿಸಿದ್ದು ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ನಾಡಿನಲ್ಲಿ. ಆಗ ಘಾಟಿಯು ಏರಿಳಿಯುವ ದಾರಿಯಾಗಿತ್ತೇ ಹೊರತು ಗಡಿಯಾಗಿರಲಿಲ್ಲ. 1799ರ ತರುವಾಯ ಕರಾವಳಿಯು ಇಂಗ್ಲಿಷ್ ಕಂಪನಿಯ ಪಾಲಾಗಿ, ಮಲೆನಾಡು ಮೈಸೂರಿನ ಪಾಲಾಗಿ, ಬೆಟ್ಟದ ನೆತ್ತಿಯೇ ಎಲ್ಲೆಯಾಯಿತು. 1886ರಲ್ಲಿ ಮಂಗಳೂರು ಮತ್ತು ಮೈಸೂರು ಧರ್ಮಪ್ರಾಂತ್ಯಗಳು ಒಟ್ಟಿಗೇ ಸ್ಥಾಪಿತವಾದಾಗ ಧರ್ಮಸಭೆಯೂ ಅದೇ ಗೆರೆಯನ್ನು ಒಪ್ಪಿಕೊಂಡಿತು. ಹೆಸರು ಮೈಸೂರಿನದಾದರೂ 1940ರವರೆಗೆ ಅದರ ಬಿಷಪರು ವಾಸಿಸುತ್ತಿದ್ದುದು ಬೆಂಗಳೂರಿನಲ್ಲಿ.

ಕರಾವಳಿಯಿಂದ ಗದ್ದೆ ತೋಟಗಳ ದುಡಿಮೆಯನ್ನರಸಿ ಮೇಲೆ ಬಂದ ಕೊಂಕಣಿ ಕುಟುಂಬಗಳಿಗೆ ಈ ಗೆರೆಯು ಬರಿಯ ನಕ್ಷೆಯ ಮಾತಾಗಿರಲಿಲ್ಲ. ವರನು ಮೇಲಿನವನು, ವಧು ಕೆಳಗಿನವಳು ಎಂದಿಟ್ಟುಕೊಳ್ಳೋಣ. ಎರಡೂ ದೇವಾಲಯಗಳಲ್ಲಿ ಮೂರು ಭಾನುವಾರ ವಿವಾಹದ ಪ್ರಕಟಣೆ ಓದಬೇಕು. ಜ್ಞಾನಸ್ನಾನದ ಪತ್ರ ಹುಟ್ಟೂರಿನಿಂದ ಬರಬೇಕು. ರಕ್ತಸಂಬಂಧದ ವಿನಾಯಿತಿ ಬೇಕಾದರೆ ಅರ್ಜಿಯು ಬಿಷಪರವರೆಗೆ ಹೋಗಿ ಮರಳಬೇಕು. ಒಂದು ಕಾಗದ ಘಾಟಿಯಿಳಿದರೆ, ಇನ್ನೊಂದು ಬಯಲುಸೀಮೆ ದಾಟುತ್ತಿತ್ತು. ಮದುವೆಯಾದರೆ ಕಾಯಬಹುದು, ಮರಣವು ಕಾಯುವುದಿಲ್ಲ. ಹೊಳೆ ತುಂಬಿದ ಆಷಾಢದಲ್ಲಿ ಗುರುಗಳು ರೋಗಿಯ ಹಾಸಿಗೆಯ ಬಳಿಗೆ ಬರುವುದೆಂದರೇನೆಂಬುದನ್ನು ಈ ಮಳೆಯನ್ನು ಕಂಡವರಿಗೆ ನಾವು ವಿವರಿಸಬೇಕಿಲ್ಲ. ತೆನೆಹಬ್ಬವಾದ ಮೊಂತಿ ಫೆಸ್ತ್ ಸೆಪ್ಟೆಂಬರ್ 8ರಂದು ಬರುತ್ತದೆ; ಆಗಲೂ ಮಳೆ ಪೂರ್ತಿ ಬಿಟ್ಟಿರುವುದಿಲ್ಲವಾದ್ದರಿಂದ ತವರಿನ ಹೊಸ ಅಕ್ಕಿ ಎಲ್ಲರಿಗೂ ದಕ್ಕುತ್ತಿರಲಿಲ್ಲ.

ರೈಲು 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ಬಂದಿತು, ಬೆಂಗಳೂರು ಹತ್ತಿರವಾಯಿತು. 1907ರಲ್ಲಿ ಮದರಾಸಿನ ಕಡೆಯಿಂದ ಮಂಗಳೂರಿಗೂ ರೈಲು ಬಂದಿತಾದರೂ ಅವೆರಡು ನಗರಗಳ ನಡುವೆ ನೇರ ಹಳಿಯಿರಲಿಲ್ಲ. ಬೆಂಗಳೂರಿಗೆ ಹೊರಟ ಮಂಗಳೂರಿಗನು ಮಲಬಾರು, ಪಾಲಕ್ಕಾಡುಗಳನ್ನು ಸುತ್ತಬೇಕಿತ್ತು! ಹಾಸನದ ಮೂಲಕ ನೇರಮಾರ್ಗ ತೆರೆದದ್ದು 1979ರಲ್ಲಿ. ನಮ್ಮ ಹೊಸನಗರ ತಾಲ್ಲೂಕಿಗೆ ದಕ್ಕಿದ್ದು ಅರಸಾಳು ನಿಲ್ದಾಣ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಅದನ್ನು ಪ್ರಸಿದ್ಧಗೊಳಿಸಿತು.

1956ರಲ್ಲಿ ಘಾಟಿಯ ಎರಡೂ ಬದಿ ಒಂದೇ ರಾಜ್ಯವಾದರೂ ಧರ್ಮಪ್ರಾಂತ್ಯದ ಎಲ್ಲೆ ಅಲ್ಲಿಯೇ ಉಳಿಯಿತು. ಬದಲಾದದ್ದು ಪೀಠದ ಸ್ಥಾನ: 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವೂ 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯವೂ ಸ್ಥಾಪನೆಗೊಂಡವು. ದೃಢೀಕರಣ ಸಂಸ್ಕಾರಕ್ಕೆಂದು ಬರುವ ಧರ್ಮಾಧ್ಯಕ್ಷರು ಈಗ ಬೆಳಿಗ್ಗೆ ಹೊರಟು, ಪೂಜೆ ಮುಗಿಸಿ, ಊಟ ಮಾಡಿ, ಸಂಜೆಗೆ ಶಿವಮೊಗ್ಗೆ ಸೇರಬಲ್ಲರು. ಘಾಟಿಯ ಮಾತು ಬೇರೆ. ಹುಲಿಕಲ್ಲಿನಲ್ಲಿಯೋ ಆಗುಂಬೆಯಲ್ಲಿಯೋ ಮಣ್ಣು ಕುಸಿದ ವರ್ಷ, ಕುಂದಾಪುರದ ನೆಂಟರು ಇಂದಿಗೂ ಹೊರಡುವ ಮುನ್ನ ಫೋನು ಮಾಡಿ ಕೇಳುವುದು ಒಂದೇ: ದಾರಿ ತೆರೆದಿದೆಯೇ?