ವಸ್ತ್ರವಿನ್ಯಾಸ ವಿದ್ಯೆ: ಮಗ್ಗದ ಮನೆಯಿಂದ ವಿಶ್ವವಿದ್ಯಾಲಯದವರೆಗೆ

ಅನ್ನ, ವಸ್ತ್ರ, ವಸತಿ ಈ ಮೂರು ಮನುಷ್ಯನ ಮೊದಲ ಅವಶ್ಯಕತೆಗಳೆಂಬದು ಸರ್ವವಿದಿತವಾದ ಮಾತು. ಇವುಗಳಲ್ಲಿ ವಸ್ತ್ರವು ಶೀತೋಷ್ಣಗಳಿಂದ ಮೈಯನ್ನು ಕಾಯುವದಷ್ಟೇ ಅಲ್ಲದೆ ಉಡುವವರ ನಾಡು, ನಡೆ, ಹಬ್ಬ, ಹರುಷಗಳನ್ನೂ ತನ್ನ ಬಣ್ಣದಿಂದಲೂ ಅಂಚಿನಿಂದಲೂ ಹೇಳುವಂಥದು. ಅಂಚು ಎಷ್ಟು ಅಗಲವಿರಬೇಕು, ಸೆರಗಿನಲ್ಲಿ ಯಾವ ಚಿತ್ರ ಮೂಡಬೇಕು, ಹಾಸಿನ ನೂಲಿಗೆ ಯಾವ ಬಣ್ಣ, ಹೊಕ್ಕಿನ ನೂಲಿಗೆ ಯಾವ ಬಣ್ಣ ಎಂಬದನ್ನು ನೂಲು ಮಗ್ಗಕ್ಕೆ ಏರುವ ಮೊದಲೇ ನಿಶ್ಚಯಿಸುವ ವಿದ್ಯೆಗೆ ವಸ್ತ್ರವಿನ್ಯಾಸವೆಂದು ಹೆಸರು. ಈ ವಿದ್ಯೆಯನ್ನು ಇಂದು ದೇಶವಿದೇಶಗಳ ವಿಶ್ವವಿದ್ಯಾಲಯಗಳಲ್ಲಿ ತರುಣರು ಪದವಿಗಾಗಿ ಅಭ್ಯಸಿಸುತ್ತಾರೆ. ಆದರೆ ಇದು ಗ್ರಂಥದಿಂದ ಹುಟ್ಟಿದ ವಿದ್ಯೆಯಲ್ಲ. ಕೈಯಿಂದ ಹುಟ್ಟಿ, ಬಹುಕಾಲದ ತರುವಾಯ ಗ್ರಂಥಕ್ಕೆ ಏರಿದ ವಿದ್ಯೆ. ಅದು ಏರಿದ ದಾರಿಯಲ್ಲಿ ಏನನ್ನು ಗಳಿಸಿತು, ಏನನ್ನು ಕಳೆದುಕೊಂಡಿತು ಎಂಬದು ಕಾಯಕವನ್ನು ಗೌರವಿಸುವ ಎಲ್ಲರೂ ವಿಚಾರಿಸತಕ್ಕ ವಿಷಯವಾಗಿದೆ.

ಪೂರ್ವದಲ್ಲಿ ಮಗ್ಗದ ಮನೆಯೇ ಪಾಠಶಾಲೆ, ತಂದೆತಾಯಿಗಳೇ ಗುರುಗಳು. ಮಗುವು ಕಂಡಿಕೆ ಸುತ್ತುವದರಿಂದ ಆರಂಭಿಸಿ ಹಾಸು ಹೂಡುವದನ್ನೂ, ಬಣ್ಣವಿಕ್ಕುವದನ್ನೂ, ಲಾಳಿ ಎಸೆಯುವದನ್ನೂ ಕಲಿತು ಕೊನೆಗೆ ತಾನೇ ಒಂದು ಹೊಸ ಅಂಚನ್ನು ಕಲ್ಪಿಸುವಷ್ಟು ಬೆಳೆಯುತ್ತಿದ್ದಿತು. ಅಲ್ಲಿ ವಿನ್ಯಾಸ ಮಾಡುವವನು ಒಬ್ಬ, ನೇಯುವವನು ಇನ್ನೊಬ್ಬ ಎಂಬ ಭೇದವು ಬಹಳವಾಗಿ ಇರಲಿಲ್ಲ. ಇಳಕಲ್ಲಿನ ಸೀರೆಯನ್ನೇ ನೋಡಬಹುದು. ಅದರ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿಯಂತೆ ಕೂಡಿಸಿ ನೇಯುವದರಿಂದಲೇ ಕೆಂಪು ಸೆರಗು ಮೈಯ ಬಣ್ಣಕ್ಕೆ ಸಿಕ್ಕದೆ ಸ್ವಚ್ಛವಾಗಿ ನಿಲ್ಲುತ್ತದೆ. ಈ ಉಪಾಯವು ಕಾಗದದ ಮೇಲೆ ಹೊಳೆಯುವಂಥದಲ್ಲ. ಮಗ್ಗದ ಮುಂದೆ ಕುಳಿತವರಿಗೆ ಮಾತ್ರ ಹೊಳೆಯತಕ್ಕದ್ದು. ಜೇಡರ ದಾಸಿಮಯ್ಯನವರು ಮಗ್ಗದ ಕಾಯಕದವರಾಗಿದ್ದರೆಂಬದನ್ನು ಶರಣಪರಂಪರೆಯು ಆದರದಿಂದ ನೆನೆಯುತ್ತ ಬಂದಿದೆ. ಕೈಗೆಲಸವೂ ಚಿಂತನೆಯೂ ಒಬ್ಬನಲ್ಲಿಯೇ ನೆಲೆಸಬಹುದೆಂಬದಕ್ಕೆ ಅದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕಾಗಿಲ್ಲ.

ಈ ಅಖಂಡತೆಗೆ ಭಂಗ ತಂದದ್ದು ಯಂತ್ರಯುಗ. ಫ್ರಾನ್ಸ ದೇಶದ ಲಿಯಾನ್ ಪಟ್ಟಣವು ರೇಷ್ಮೆಯ ನೇಯ್ಗೆಗೆ ಪ್ರಸಿದ್ಧವಾದುದು. ಅಲ್ಲಿ 1756ರಷ್ಟು ಹಿಂದೆಯೇ ಚಿತ್ರಲೇಖನದ ಶಾಲೆಯೊಂದು ಸ್ಥಾಪಿತವಾಗಿದ್ದಿತು. ಅದೇ ಊರಿನ ಜೋಸೆಫ್ ಮೇರಿ ಜಾಕಾರ್ಡ್ ಎಂಬವರು 1804ರಲ್ಲಿ ತಮ್ಮ ಹೆಸರಿನ ಯಂತ್ರವನ್ನು ಸಿದ್ಧಗೊಳಿಸಿದರು. ರಂಧ್ರಗಳನ್ನು ಕೊರೆದ ರಟ್ಟಿನ ಪಟ್ಟಿಗಳು ಯಾವ ಎಳೆ ಏಳಬೇಕು, ಯಾವದು ಇಳಿದಿರಬೇಕು ಎಂಬದನ್ನು ಮಗ್ಗಕ್ಕೆ ತಿಳಿಸತೊಡಗಿದವು. ಹೀಗಾಗಿ ಚಿತ್ರ ಬರೆಯುವವನೊಬ್ಬ, ರಟ್ಟು ಕೊರೆಯುವವನೊಬ್ಬ, ಮಗ್ಗ ನಡೆಯಿಸುವವನೊಬ್ಬ ಎಂದು ಕೆಲಸವು ಹಂಚಿಹೋಯಿತು. ಬುದ್ಧಿಯು ಒಂದು ಕೋಣೆಯಲ್ಲಿ, ಕೈಯು ಇನ್ನೊಂದು ಕೋಣೆಯಲ್ಲಿ ವಾಸಿಸುವ ಕಾಲ ಬಂದಿತು.

ಇಂಗ್ಲಂಡದಲ್ಲಿ ಉಗಿಯಂತ್ರದ ಗಿರಣಿಗಳು ರಾಶಿರಾಶಿಯಾಗಿ ಬಟ್ಟೆಯನ್ನು ಹೊರಚೆಲ್ಲುತ್ತಿದ್ದರೂ ಅಂದಚೆಂದದಲ್ಲಿ ಫ್ರಾನ್ಸಿನ ಬಟ್ಟೆಗೆ ಸರಿದೊರೆಯಾಗವೆಂಬ ಕೊರತೆಯು ವರ್ತಕರನ್ನು ಬಾಧಿಸುತ್ತಿದ್ದಿತು. ಇದನ್ನು ವಿಚಾರಿಸಲು 1835ರಲ್ಲಿ ಪಾರ್ಲಿಮೆಂಟು ಒಂದು ಸಮಿತಿಯನ್ನು ನೇಮಿಸಿತು. ಅದರ ಫಲವಾಗಿ 1837ರಲ್ಲಿ ಲಂಡನ್ನಿನ ಸೋಮರ್‌ಸೆಟ್ ಹೌಸಿನಲ್ಲಿ ಸರಕಾರದ ವಿನ್ಯಾಸ ಶಾಲೆಯು ತೆರೆಯಲ್ಪಟ್ಟಿತು. ಉದ್ದೇಶವು ಒಳ್ಳೆಯದೇ, ಆದರೆ ಕ್ರಮದಲ್ಲಿ ದೋಷವಿದ್ದಿತು. ಮನುಷ್ಯಾಕೃತಿಯನ್ನು ಬರೆಯಲು ಕಲಿಸಬೇಕೇ ಬೇಡವೇ ಎಂಬ ವಾದದಲ್ಲಿ ಕಾಲ ಕಳೆಯಿತೇ ಹೊರತು ಬರೆದ ಹೂವು ಬಟ್ಟೆಯಲ್ಲಿ ಹೇಗೆ ಅರಳೀತು ಎಂಬ ವಿಚಾರವು ಹಿಂದುಳಿಯಿತು. ಶಾಲೆಯಿಂದ ಹೊರಬಿದ್ದ ಚಿತ್ರಗಳು ತಮಗೆ ಉಪಯೋಗವಿಲ್ಲವೆಂದು ಗಿರಣಿಯವರು ದೂರಿದರು. 1849ರಲ್ಲಿ ಮತ್ತೊಂದು ಸಮಿತಿಯು ಕುಳಿತು ಈ ಶಾಲೆಯ ವೈಫಲ್ಯವನ್ನೇ ವಿಚಾರಿಸಬೇಕಾಯಿತು. 1852ರಲ್ಲಿ ಹೆನ್ರಿ ಕೋಲ್ ಎಂಬವರು ಅದರ ಸೂತ್ರವನ್ನು ಕೈಗೆ ತೆಗೆದುಕೊಂಡು ಬಹಳ ಮಾರ್ಪಡಿಸಿದರು. ಅದೇ ಸಂಸ್ಥೆಯು 1896ರಲ್ಲಿ ರಾಯಲ್ ಕಾಲೇಜ್ ಆಫ್ ಆರ್ಟ್ ಎಂಬ ಹೆಸರನ್ನು ತಾಳಿ, 1967ರಲ್ಲಿ ಪದವಿಗಳನ್ನು ದಯಪಾಲಿಸುವ ವಿಶ್ವವಿದ್ಯಾಲಯದ ಅಧಿಕಾರವನ್ನು ಪಡೆಯಿತು.

ಈ ನಡುವೆ ಹಿಂದುಸ್ಥಾನದ ನೇಕಾರನು ಅರಿಯದಂತೆಯೇ ಯುರೋಪಿನ ಗುರುವಾದನು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಭಾರತದ ವಸ್ತ್ರಗಳನ್ನು ಕಂಡ ಅಲ್ಲಿಯ ಪಂಡಿತರು ಬಣ್ಣಗಳ ಹೊಂದಿಕೆಗೂ ಚಿತ್ರಗಳ ಹದಕ್ಕೂ ಬೆರಗಾದರು. ಓವನ್ ಜೋನ್ಸ್ ಎಂಬವರು 1856ರಲ್ಲಿ ಪ್ರಕಟಿಸಿದ ಅಲಂಕಾರವಿದ್ಯೆಯ ಮಹಾಗ್ರಂಥದಲ್ಲಿ ಭಾರತದ ಮಾದರಿಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ತರುವಾಯ 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಎಂಬ ಅಧಿಕಾರಿಯು ಭಾರತದ ಬಟ್ಟೆಗಳ 700 ತುಣುಕುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ, ಅಂಥ 20 ಪ್ರತಿಗಳನ್ನು ಸಿದ್ಧಪಡಿಸಿದನು. ಅವುಗಳಲ್ಲಿ 13 ಪ್ರತಿಗಳು ಬ್ರಿಟನ್ನಿನಲ್ಲಿ ಉಳಿದವು. 7 ಮಾತ್ರ ಭಾರತಕ್ಕೆ ಬಂದವು. ಭಾರತದ ಜನರು ಎಂಥ ಬಟ್ಟೆಯನ್ನು ಉಡುತ್ತಾರೆಂಬದನ್ನು ಬ್ರಿಟನ್ನಿನ ಗಿರಣಿಯವರು ತಿಳಿದು ಅದರಂತೆ ನೇಯ್ದು ಮಾರಲೆಂಬದೇ ಇದರ ಮುಖ್ಯೋದ್ದೇಶವಾಗಿದ್ದಿತು. ಒಬ್ಬನ ಕೈಯ ವಿದ್ಯೆಯನ್ನು ಅಂಗುಲದ ಲೆಕ್ಕದಲ್ಲಿ ಕತ್ತರಿಸಿ ಪುಸ್ತಕವಾಗಿಸಿ, ಆ ಪುಸ್ತಕದಿಂದಲೇ ಅವನ ಅನ್ನಕ್ಕೆ ಸ್ಪರ್ಧೆಯನ್ನು ಒಡ್ಡಿದ ಈ ಸಂಗತಿಯು ವಸ್ತ್ರವಿದ್ಯೆಯ ಇತಿಹಾಸದಲ್ಲಿ ಮರೆಯಲಾಗದಂಥದು. ಸಂಪುಟಗಳಲ್ಲಿ ಬಟ್ಟೆಯ ಉದ್ದ, ಅಗಲ, ತೂಕಗಳು ಬರೆಯಲ್ಪಟ್ಟವು. ನೇಯ್ದವರನ್ನು ಯಾರೂ ಗುರುವೆಂದು ಕರೆಯಲಿಲ್ಲ.

ಲಂಡನ್ನಿನ ಶಾಲೆಯು ತಪ್ಪಿದ ದಾರಿಯನ್ನು ಉಣ್ಣೆಯ ಬಟ್ಟೆಗೆ ಹೆಸರಾದ ಲೀಡ್ಸ್ ಪಟ್ಟಣವು ಹಿಡಿಯಿತು. ಅಲ್ಲಿ 1874ರಲ್ಲಿ ಸ್ಥಾಪಿತವಾದ ಯಾರ್ಕ್‌ಷೈರ್ ಕಾಲೇಜಿನ ವಸ್ತ್ರವಿಭಾಗಕ್ಕೆ ಲಂಡನ್ನಿನ ಬಟ್ಟೆಗಾರರ ಹಳೆಯ ಸಂಘವು ಉದಾರವಾಗಿ ದ್ರವ್ಯಸಹಾಯ ಮಾಡಿತು. ಈ ಕಾಲೇಜು 1904ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯವಾಯಿತು. ಇಂಥ ವಿದ್ಯಾಲಯಗಳಲ್ಲಿ ಕಲಿಯುವ ವಿದ್ಯಾರ್ಥಿಯು ಮೊದಲು ಚೌಕಳಿ ಕಾಗದವನ್ನು ಓದಲು ಕಲಿಯುತ್ತಾನೆ. ಕಾಗದದ ಒಂದೊಂದು ಉದ್ದಸಾಲು ಹಾಸಿನ ಒಂದು ಎಳೆ. ಒಂದೊಂದು ಅಡ್ಡಸಾಲು ಹೊಕ್ಕಿನ ಒಂದು ಎಳೆ. ಬಣ್ಣ ತುಂಬಿದ ಚೌಕವೆಂದರೆ ಅಲ್ಲಿ ಹಾಸು ಮೇಲೆ ಎದ್ದಿದೆಯೆಂದು ಅರ್ಥ. ಸಾದಾ ನೇಯ್ಗೆಯ ಕ್ರಮವು 2 ಎಳೆಗಳಲ್ಲಿ ಮುಗಿದು ಮತ್ತೆ ಮೊದಲಿಗೆ ಬರುತ್ತದೆ. ಎರಡರ ಮೇಲೆ ಎರಡರ ಕೆಳಗೆ ಹಾಯುವ ಓರೆಗೆರೆಯ ನೇಯ್ಗೆಯು 4 ಎಳೆಗಳಲ್ಲಿ ಮುಗಿಯುತ್ತದೆ. ಮಿರುಗುವ ಸ್ಯಾಟಿನ್ ನೇಯ್ಗೆಗೆ 5 ಎಳೆಗಳಾದರೂ ಬೇಕು. ಇಷ್ಟನ್ನು ಕಲಿತವನು ಒಂದು ಬಟ್ಟೆಯ ತುಣುಕನ್ನು ಭೂತಗನ್ನಡಿಯ ಕೆಳಗಿಟ್ಟು ಎಳೆ ಎಣಿಸಿ ಅದರ ಹುಟ್ಟನ್ನು ಹೇಳಬಲ್ಲನು. ಮಗ್ಗದ ಮನೆಯ ಮಗುವು ಕಣ್ಣಳತೆಯಿಂದ ಬಲ್ಲದ್ದನ್ನು ವಿಶ್ವವಿದ್ಯಾಲಯವು ಲೆಕ್ಕದಲ್ಲಿ ಬರೆದು ಎಲ್ಲರಿಗೂ ದೊರೆಯುವಂತೆ ಮಾಡಿತು. ಇದು ಅದರ ದೊಡ್ಡ ಉಪಕಾರ.

ವಿನ್ಯಾಸದ ಮೇಜನ್ನೂ ಮಗ್ಗವನ್ನೂ ಮತ್ತೆ ಒಂದೇ ಕೋಣೆಗೆ ತಂದ ಖ್ಯಾತಿಯು ಜರ್ಮನಿಯ ಬೌಹೌಸ್ ಎಂಬ ವಿದ್ಯಾಸಂಸ್ಥೆಗೆ ಸಲ್ಲತಕ್ಕದ್ದು. ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿಯು 1919ರಲ್ಲಿ ವೈಮಾರ್ ಪಟ್ಟಣದಲ್ಲಿ ಇದನ್ನು ತೆರೆದನು. ಸ್ತ್ರೀಪುರುಷರಿಗೆ ಸಮಾನ ಪ್ರವೇಶವೆಂದು ಘೋಷಿಸಿದ್ದರೂ ಬಂದ ಹೆಣ್ಣುಮಕ್ಕಳಲ್ಲಿ ಬಹುಪಾಲು ಜನರನ್ನು ನೇಯ್ಗೆಯ ಶಾಖೆಗೇ ಕಳಿಸಲಾಯಿತು. ಅವರಲ್ಲೊಬ್ಬರಾದ ಗುಂಟಾ ಷ್ಟೋಲ್ಟ್ಸ್ಲ್ ಎಂಬವರು, ಬಣ್ಣಗಾರಿಕೆಯನ್ನು ಕಲಿಸುವವರು ಸಂಸ್ಥೆಯಲ್ಲಿ ಇಲ್ಲದ್ದರಿಂದ, ಕ್ರೇಫೆಲ್ಡ್ ಪಟ್ಟಣಕ್ಕೆ ಹೋಗಿ ಕಲಿತು ಬಂದು ಉಳಿದವರಿಗೆ ಕಲಿಸಿದರು. ಸಂಸ್ಥೆಯು ಡೆಸ್ಸೌ ಪಟ್ಟಣಕ್ಕೆ ಸಾಗಿದ ಬಳಿಕ 1927ರಿಂದ 1931ರವರೆಗೆ ಆ ಶಾಖೆಯ ಮುಖ್ಯಸ್ಥರಾಗಿದ್ದರು. ಗಾಜಿನ ಕೆಲಸವನ್ನು ಬಯಸಿ ಬಂದು ನೇಯ್ಗೆಗೆ ಒಲ್ಲದ ಮನಸ್ಸಿನಿಂದ ಸೇರಿದ ಆನಿ ಆಲ್ಬರ್ಸ್ ಎಂಬವರು, ಒಂದು ಮೈ ಬೆಳಕನ್ನು ಪ್ರತಿಫಲಿಸುವ, ಇನ್ನೊಂದು ಮೈ ಸದ್ದನ್ನು ಹೀರುವ ಬಟ್ಟೆಯೊಂದನ್ನು ಸಭಾಗೃಹಕ್ಕಾಗಿ ನೇಯ್ದು 1930ರಲ್ಲಿ ಪ್ರಮಾಣಪತ್ರವನ್ನು ಪಡೆದರು. 1933ರಲ್ಲಿ ನಾಜಿಗಳ ಒತ್ತಡದಿಂದ ಬೌಹೌಸ್ ಮುಚ್ಚಲ್ಪಟ್ಟಿತು. ಆನಿ ಆಲ್ಬರ್ಸರು ಅಮೇರಿಕೆಗೆ ತೆರಳಿ 1949ರವರೆಗೆ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಬೋಧಿಸಿದರು. 1965ರಲ್ಲಿ ಅವರು ಪ್ರಕಟಿಸಿದ ನೇಯ್ಗೆಯ ಗ್ರಂಥವನ್ನು ಪ್ರಾಚೀನ ಪೆರು ದೇಶದ ಹೆಸರಿಲ್ಲದ ನೇಕಾರರಿಗೆ, ತಮ್ಮ ಗುರುಗಳೆಂದು ಕರೆದು, ಅರ್ಪಿಸಿದ್ದಾರೆ. 1866ರ ಸಂಪುಟಗಳಲ್ಲಿ ಸಲ್ಲದೆ ಉಳಿದ ಗೌರವವು ಇಲ್ಲಿ ಸಂದಿತು.

ಸ್ವಾತಂತ್ರ್ಯಾನಂತರ ಭಾರತವೂ ಈ ವಿದ್ಯೆಗೆ ಮನೆ ಕಟ್ಟಿತು. ಮೈಸೂರು ಸಂಸ್ಥಾನದ ಕಾಲದಲ್ಲಿಯೇ, 1938ರಲ್ಲಿ, ಬೆಂಗಳೂರಿನಲ್ಲಿ ಶ್ರೀ ಕೃಷ್ಣರಾಜೇಂದ್ರ ರಜತಮಹೋತ್ಸವ ತಾಂತ್ರಿಕ ಸಂಸ್ಥೆಯು ಸ್ಥಾಪಿತವಾಗಿ ವಸ್ತ್ರೋದ್ಯಮದ ಯಂತ್ರವಿದ್ಯೆಯನ್ನು ಬೋಧಿಸತೊಡಗಿದ್ದಿತು. ವಿನ್ಯಾಸಕ್ಕೇ ಮೀಸಲಾದ ಪ್ರಯತ್ನವು ಅದರ ತರುವಾಯದ್ದು. 1956ರಲ್ಲಿ ನೇಕಾರರ ಸೇವಾಕೇಂದ್ರಗಳು ಆರಂಭವಾಗಿ ಚಿತ್ರಕಾರರನ್ನೂ ನೇಕಾರರನ್ನೂ ಒಂದೆಡೆ ಕೂಡಿಸಿದವು. 1958ರಲ್ಲಿ ಅಮೇರಿಕೆಯ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಸರಕಾರಕ್ಕೆ ಸಲ್ಲಿಸಿದ ವರದಿಯನ್ನು ಅನುಸರಿಸಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು. ಅಲ್ಲಿಯ ವಸ್ತ್ರವಿಭಾಗವನ್ನು ರೂಪಿಸುವದರಲ್ಲಿ ಫಿನ್ಲಂಡದ ಹೆಲೆನಾ ಪೆರ್ಹೆಂಟುಪಾ ಎಂಬವರು ಬಹಳ ಶ್ರಮವಹಿಸಿದರು. ಈ ಸಂಸ್ಥೆಯ ವಿದ್ಯಾರ್ಥಿಗಳು ಗ್ರಾಮಗಳಿಗೆ ಹೋಗಿ ಒಂದೊಂದು ಕುಶಲಕಲೆಯನ್ನು ನೋಡಿ ಬರೆದಿಡುವದು ಅಭ್ಯಾಸಕ್ರಮದ ಒಂದು ಅಂಗವೇ ಆಗಿದೆ. ಹೀಗೆ ಪದವಿಯ ದಾರಿಯು ಪುನಃ ಮಗ್ಗದ ಮನೆಯ ಬಾಗಿಲಿಗೆ ಬಂದು ನಿಂತಿತು.

ಆದರೂ ಒಂದು ಪ್ರಶ್ನೆ ಉಳಿಯಿತು. ವಿದ್ಯಾರ್ಥಿಯು ನೇಕಾರನ ಮನೆಗೆ ಹೋಗಿ ಕಲಿತು ಪದವೀಧರನಾಗುವನು. ಕಲಿಸಿದ ನೇಕಾರನ ಮಗನಿಗೆ ಆ ವಿದ್ಯಾಲಯದ ಬಾಗಿಲು ತೆರೆದಿದೆಯೇ? ಪ್ರವೇಶಪರೀಕ್ಷೆಯ ಭಾಷೆ, ಶುಲ್ಕ, ವರ್ಷಗಟ್ಟಲೆ ಮಗ್ಗ ಬಿಟ್ಟಿರಬೇಕಾದ ಕಷ್ಟ, ಇವು ಅವನನ್ನು ಹೊರಗೆ ನಿಲ್ಲಿಸಿದವು. ಅವನು ಅನ್ಯರು ಬರೆದ ಚಿತ್ರವನ್ನು ಕೂಲಿಗೆ ನೇಯುವವನಾಗಿಯೇ ಉಳಿದರೆ ಕಸುಬು ತಲೆಮಾರಿನಲ್ಲಿ ನಿಂತುಹೋಗುವದು ಸಹಜ. ಈ ಕೊರತೆಯನ್ನು ಅರಿತು ಜೂಡಿ ಫ್ರೇಟರ್ ಎಂಬವರು ಗುಜರಾತದ ಕಚ್ಛ ಪ್ರಾಂತದಲ್ಲಿ 2005ರಲ್ಲಿ ಕಲಾರಕ್ಷಾ ವಿದ್ಯಾಲಯವನ್ನೂ 2014ರಲ್ಲಿ ಸೋಮೈಯಾ ಕಲಾವಿದ್ಯಾ ಸಂಸ್ಥೆಯನ್ನೂ ಆರಂಭಿಸಿದರು. ಇಲ್ಲಿ ಕುಶಲಕರ್ಮಿಗಳೇ ವಿದ್ಯಾರ್ಥಿಗಳು. ಅವರ ನಾಡನುಡಿಯಲ್ಲಿಯೇ ಪಾಠ. ವರ್ಷದಲ್ಲಿ ಎರಡೆರಡು ವಾರಗಳ ಆರು ವರ್ಗಗಳನ್ನು ನಡೆಯಿಸಿ, ನಡುವಣ ಕಾಲದಲ್ಲಿ ಅವರು ಮನೆಯ ಮಗ್ಗದ ಮೇಲೆಯೇ ಪಾಠವನ್ನು ಸಾಧಿಸುವಂತೆ ಏರ್ಪಾಡು ಮಾಡಲಾಯಿತು. ಇಂಥ ಶಿಕ್ಷಣವನ್ನು ಪಡೆದ ಭುಜೋಡಿ ಗ್ರಾಮದ ನೇಕಾರರು ಮುಂದೆ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯ ನೇಕಾರರಿಗೆ ಮಾರ್ಗದರ್ಶಕರಾದರೆಂಬದು ಕನ್ನಡಿಗರು ಸಂತೋಷದಿಂದ ಕೇಳತಕ್ಕ ಸಂಗತಿ. ನೇಕಾರನು ನೇಕಾರನಿಗೆ ವಿನ್ಯಾಸದ ಗುರುವಾದನು.

ಈ ಇತಿಹಾಸದಿಂದ ತಿಳಿದುಬರುವದೇನೆಂದರೆ, ವಸ್ತ್ರವಿನ್ಯಾಸವು ವಿಶ್ವವಿದ್ಯಾಲಯಕ್ಕೆ ಬಂದದ್ದು ದೋಷವಲ್ಲ. ಮನೆತನಗಳಲ್ಲಿ ಅಡಗಿದ್ದ ವಿದ್ಯೆಯು ಎಲ್ಲರದಾಯಿತು; ಹೆಣ್ಣುಮಕ್ಕಳಿಗೆ ಬೋಧಕಸ್ಥಾನ ಲಭಿಸಿತು; ಅಳಿಯಬಹುದಾಗಿದ್ದ ಎಷ್ಟೋ ಮಾದರಿಗಳು ಲಿಖಿತರೂಪದಲ್ಲಿ ಉಳಿದವು. ಚಿತ್ರವು ಮಗ್ಗವನ್ನು ಮರೆತಲ್ಲೆಲ್ಲ ವಿದ್ಯೆಯು ಒಣಗಿತು; ಮಗ್ಗದ ಬಳಿಗೆ ಮರಳಿದಲ್ಲೆಲ್ಲ ಚಿಗುರಿತು. ಇಂದು ಈ ವಿದ್ಯೆಯನ್ನು ಓದಲು ಹೋಗುವ ತರುಣತರುಣಿಯರು ತಾವು ಓದುವ ಪುಟದ ಹಿಂದೆ ಒಬ್ಬ ನೇಕಾರನ ಕೈಯಿದೆಯೆಂದು ಅರಿತು ಅವನ ಹೆಸರನ್ನು ಕೇಳಿ ಬರೆಯಬೇಕು. ಸಮಾಜವು ಆ ನೇಕಾರನ ಮಕ್ಕಳನ್ನೂ ಅದೇ ಪಾಠಶಾಲೆಯಲ್ಲಿ ಕೂಡಿಸಬೇಕು. ಹಾಸು ಒಂದೇ ಇದ್ದರೆ ಅದು ಬರಿಯ ನೂಲು. ಹೊಕ್ಕು ಒಂದೇ ಇದ್ದರೂ ಅದು ಬರಿಯ ನೂಲು. ಎರಡೂ ಕೂಡಿದಾಗಲೇ ಅದಕ್ಕೆ ಬಟ್ಟೆಯೆಂಬ ಹೆಸರು ಬರುತ್ತದೆ.