ಫೋಲ್ಡರ್ ಸಾಗಿಸುವ ಮೊದಲು: ಮೂಡುಬಿದಿರೆಯ ತಾಳೆಗರಿಯಿಂದ ಮ್ಯಾಕ್‌ವರೆಗೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಕೇಳುತ್ತಿರುವವರಿಗೂ, ಊರು ಬಿಟ್ಟು ದೂರದಲ್ಲಿ ಕೂತು ಕೇಳುತ್ತಿರುವವರಿಗೂ ಸ್ವಾಗತ. ಈ ಸಲದ ವಿಷಯ ಹೇಳಿದರೆ ‘ಇದರಲ್ಲಿ ಇತಿಹಾಸ ಎಂತದ್ದು ಮಾರಾಯ್ರೆ’ ಅಂತ ನೀವು ಕೇಳಬಹುದು. ಮ್ಯಾಕ್ ಕಂಪ್ಯೂಟರಿನಲ್ಲಿ ನಮ್ಮ ಫೋಲ್ಡರ್‌ಗಳನ್ನು ಬೇರೆ ಡಿಸ್ಕಿಗೆ ಸಾಗಿಸುವುದು, ಅವುಗಳಿಗೆ ನಮಗೆ ಬೇಕಾದ ಚಿತ್ರ ಹಾಕಿಕೊಳ್ಳುವುದು. ಇಷ್ಟೇ ವಿಷಯ. ಮದುವೆ ವೀಡಿಯೊ ಮಾಡುವವರು, ಡಿಸೈನ್ ಕೆಲಸದವರು, ನನ್ನ ಹಾಗೆ ಆಡಿಯೊ ಹಿಡಿದುಕೊಂಡು ಕೂತವರು, ಡಿಸ್ಕ್ ತುಂಬಿದ ದಿನ ಎಲ್ಲರೂ ಇದಕ್ಕೆ ಕೈ ಹಾಕುತ್ತಾರೆ. ಆದರೆ ಈ ಕೆಲಸ ಕಂಪ್ಯೂಟರಿಗಿಂತ ಹಳೆಯದು. ನಮ್ಮ ಊರಿನಲ್ಲೇ ನಡೆದದ್ದು ಉಂಟು.

ನಾನು ಓದಿದ್ದು ಕಾಮರ್ಸ್. ಹಾಗಾಗಿ ಲೆಕ್ಕದ ಪುಸ್ತಕದಿಂದಲೇ ಶುರು ಮಾಡುವ. ಜರ್ನಲ್‌ನಲ್ಲಿ ಎಲ್.ಎಫ್. ಅಂತ ಒಂದು ಸಣ್ಣ ಕಾಲಂ ಇರುತ್ತದೆ, ಲೆಡ್ಜರ್ ಫೋಲಿಯೊ. ಈ ಲೆಕ್ಕ ಲೆಡ್ಜರಿನ ಯಾವ ಪುಟದಲ್ಲಿ ಉಂಟು ಅಂತ ಹೇಳುವುದಷ್ಟೇ ಅದರ ಕೆಲಸ. ಲೆಕ್ಕ ಒಂದು, ಅದು ಇರುವ ಪುಟದ ನಂಬರ್ ಇನ್ನೊಂದು, ಪುಟದ ತಲೆಯಲ್ಲಿ ಬರೆದ ಖಾತೆಯ ಹೆಸರು ಮತ್ತೊಂದು. ಅಂದರೆ ಸರಕು, ವಿಳಾಸ, ಗುರುತು. ಈ ಮೂರೂ ಬೇರೆಬೇರೆ. ಇವತ್ತಿನ ಮಾತೆಲ್ಲ ಇದರ ಮೇಲೆಯೇ.

ಈಗ ಮೂಡುಬಿದಿರೆಗೆ ಬರೋಣ. ಸಾವಿರ ಕಂಬದ ಬಸದಿ ಎಲ್ಲರಿಗೂ ಗೊತ್ತು. ಅದೇ ಊರಿನ ಗುರು ಬಸದಿಗೆ ಸಿದ್ಧಾಂತ ಬಸದಿ ಅಂತಲೂ ಹೆಸರು. ಆ ಹೆಸರಿಗೆ ಕಾರಣ ಅಲ್ಲಿ ಕಾಪಾಡಿಕೊಂಡು ಬಂದ ಸಿದ್ಧಾಂತ ಗ್ರಂಥಗಳು. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಅದರ ಜೊತೆಗೆ ಜಯಧವಲಾ, ಮಹಾಧವಲಾ. ದಿಗಂಬರ ಜೈನರಿಗೆ ಇವು ಮೂಲಗ್ರಂಥಗಳು. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಮಾತ್ರ ಹಳೆಯ ಕನ್ನಡ. ಬರೆದದ್ದು ತಾಳೆಗರಿಯ ಮೇಲೆ. ಇಡೀ ದೇಶದಲ್ಲಿ ಇವುಗಳ ಹಳೆಯ ಪ್ರತಿ ಉಳಿದದ್ದು ಇಲ್ಲಿ ಮಾತ್ರ. ಉತ್ತರದ ಯಾತ್ರಿಕರು ಬರುತ್ತಿದ್ದರು, ಕೈಮುಗಿಯುತ್ತಿದ್ದರು, ಹೋಗುತ್ತಿದ್ದರು. ಓದುವವರು ಇರಲಿಲ್ಲ.

ಸರಕು ಭದ್ರವಾಗಿತ್ತು, ಆದರೆ ಒಂದೇ ಕಡೆ ಇತ್ತು. ಬೆಂಕಿಯೋ ಗೆದ್ದಲೋ ಬಿದ್ದರೆ ಮುಗಿಯಿತು. 19ನೇ ಶತಮಾನದ ಕೊನೆಗೆ ಮುಂಬೈ, ಸೊಲ್ಲಾಪುರದ ಜೈನ ಶ್ರೀಮಂತರ ಪ್ರಯತ್ನದಿಂದ ಪ್ರತಿ ಮಾಡುವ ಕೆಲಸ ಶುರುವಾಯಿತು. ವರ್ಷಗಟ್ಟಲೆ ನಡೆಯಿತು. ಷರತ್ತು ಒಂದೇ: ಪ್ರತಿ ಕೂಡ ಮೂಡುಬಿದಿರೆ ಬಿಟ್ಟು ಹೊರಗೆ ಹೋಗಬಾರದು. ಆದರೆ ನಕಲು ಮಾಡುತ್ತಿದ್ದ ಗಜಪತಿ ಶಾಸ್ತ್ರಿಗಳು ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಕೊನೆಗೆ ಉತ್ತರದ ಸಹಾರನ್‌ಪುರ ಸೇರಿತು. ಅಲ್ಲಿಂದ ಅದರ ಪ್ರತಿ, ಆ ಪ್ರತಿಯ ಪ್ರತಿ. 1939ರಲ್ಲಿ ಅಮರಾವತಿಯಲ್ಲಿ ಪ್ರೊಫೆಸರ್ ಹೀರಾಲಾಲ್ ಜೈನ್ ಧವಲಾದ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಮುಂದೆ ಒಟ್ಟು 16 ಸಂಪುಟ ಬಂತು.

ಅದು ಸರಿಯೋ ತಪ್ಪೋ ಅಂತ ಚರ್ಚೆ ಮಾಡಬಹುದು. ನನಗೆ ಮುಖ್ಯ ಅನ್ನಿಸುವುದು ಅದರ ನಂತರದ ಕಥೆ. ನಕಲಿನ ನಕಲಿನಲ್ಲಿ ಅಕ್ಷರ ತಪ್ಪುತ್ತದೆ, ಸಾಲು ಬಿಟ್ಟುಹೋಗುತ್ತದೆ. ಹಾಗಾಗಿ ಸಂಪಾದಕರು ಕೊನೆಗೆ ಮೂಡುಬಿದಿರೆಯ ಕಡೆಗೇ ನೋಡಬೇಕಾಯಿತು. ಇಲ್ಲಿಯ ಮೂಲದ ಜೊತೆ ತಾಳೆ ನೋಡಿದ ಮೇಲೆಯೇ ಮುಂದಿನ ಸಂಪುಟಗಳ ಪಾಠಕ್ಕೆ ಬಲ ಬಂತು. ಮೂಲ ಇದ್ದ ಜಾಗದಲ್ಲೇ ಇತ್ತಲ್ಲ, ಅದಕ್ಕೆ ತಾಳೆ ನೋಡಲಿಕ್ಕೆ ಆಯ್ತು.

ಇನ್ನು ಗುರುತು. ತಾಳೆಗರಿಯ ಕಟ್ಟು ನೋಡಿದ್ದೀರಾ? ಗರಿಗೆ ತೂತು, ತೂತಿಗೆ ದಾರ, ಮೇಲೆ ಕೆಳಗೆ ಮರದ ಹಲಗೆ. ಹೊರಗಿನಿಂದ ಎಲ್ಲ ಕಟ್ಟೂ ಒಂದೇ ತರಹ. ಗ್ರಂಥದ ಹೆಸರು ಎಷ್ಟೋ ಸಲ ಕೊನೆಯ ಗರಿಯಲ್ಲಿ ಇರುತ್ತದೆ. ಒಳಗೆ ಏನುಂಟು ಅಂತ ಗೊತ್ತಾಗಬೇಕಾದರೆ ಬಿಚ್ಚಿ ಓದಬೇಕು. ಆ ಕೆಲಸ ಮಾಡಿದವರು ವಿದ್ವಾಂಸ ಕೆ. ಭುಜಬಲಿ ಶಾಸ್ತ್ರಿ. ಮೂಡುಬಿದಿರೆ, ಕಾರ್ಕಳ ಕಡೆಯ ಭಂಡಾರಗಳ ತಾಳೆಗರಿಗಳಿಗೆ ಅವರು ಮಾಡಿದ ಗ್ರಂಥಸೂಚಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಒಂದು ಗರಿಯನ್ನೂ ಸಾಗಿಸದೆ, ಇಲ್ಲಿ ಏನುಂಟು ಅಂತ ಅವರು ದೇಶಕ್ಕೆ ಹೇಳಿದರು.

ಈಗ ಮ್ಯಾಕ್. 1984ರ ಜನವರಿ 24ರಂದು ಮೊದಲ ಮ್ಯಾಕಿಂಟೋಷ್ ಬಂತು. ಅದರ ಪುಟ್ಟ ಚಿತ್ರಗಳನ್ನು ಬಿಡಿಸಿದವರು ಸೂಸನ್ ಕೇರ್, 32ಕ್ಕೆ 32 ಚುಕ್ಕಿಯ ಚೌಕದಲ್ಲಿ. ಫೋಲ್ಡರ್ ಅಂದರೆ ಆಫೀಸಿನ ರಟ್ಟಿನ ಫೈಲ್. ತಮಾಷೆ ಏನು ಗೊತ್ತಾ? ಆ ಮೊದಲ ಮ್ಯಾಕ್‌ನಲ್ಲಿ ಫೋಲ್ಡರ್ ಬರೀ ನೋಟಕ್ಕೆ. ಡಿಸ್ಕಿನಲ್ಲಿ ಎಲ್ಲ ಫೈಲೂ ಒಂದೇ ರಾಶಿ. ಬೇರೆಬೇರೆ ಫೋಲ್ಡರಿನಲ್ಲಿ ಇಟ್ಟರೂ ಒಂದೇ ಹೆಸರಿನ ಎರಡು ಫೈಲ್ ಇಡಲಿಕ್ಕೆ ಆಗುತ್ತಿರಲಿಲ್ಲ. 1985ರಲ್ಲಿ ಹಾರ್ಡ್ ಡಿಸ್ಕಿನ ಜೊತೆ ಹೊಸ ವ್ಯವಸ್ಥೆ ಬಂದ ಮೇಲೆ ಫೋಲ್ಡರಿನ ಒಳಗೆ ಫೋಲ್ಡರ್ ನಿಜವಾಗಿ ಆಯಿತು. ಗುರುತು ಮೊದಲು ಬಂತು, ವಿಳಾಸ ಆಮೇಲೆ.

1991ರ ಸಿಸ್ಟಮ್ 7ರಲ್ಲಿ ಎರಡು ಸೌಲಭ್ಯ ಬಂತು. ಒಂದು, ಅಲಿಯಾಸ್. ಮೂಲ ಫೈಲನ್ನು ಡಿಸ್ಕಿನಲ್ಲಿ ಎಲ್ಲಿಗೆ ಸರಿಸಿದರೂ ಹುಡುಕಿ ತೆರೆಯುವ ಕೊಂಡಿ. ಎರಡು, ಫೋಲ್ಡರಿಗೆ ನಮ್ಮದೇ ಚಿತ್ರ. ಚಿತ್ರ ಕಾಪಿ ಮಾಡಿ, ಗೆಟ್ ಇನ್ಫೊ ತೆರೆದು, ಮೇಲಿನ ಪುಟ್ಟ ಐಕಾನ್ ಒತ್ತಿ ಪೇಸ್ಟ್ ಮಾಡಿದರೆ ಆಯ್ತು. ಆ ಕ್ರಮ ಇವತ್ತಿಗೂ ನಡೆಯುತ್ತದೆ. ಚಿತ್ರ ಆ ಫೋಲ್ಡರಿನ ಒಳಗೇ ಒಂದು ಅಡಗಿದ ಫೈಲಾಗಿ ಕೂರುತ್ತದೆ. ಫೋಲ್ಡರ್ ಇನ್ನೊಂದು ಮ್ಯಾಕಿಗೆ ಹೋದರೆ ಚಿತ್ರವೂ ಹೋಗುತ್ತದೆ. ವಿಂಡೋಸ್‌ಗೆ ಹಾಕಿದರೆ ಗುರುತು ಮಾಯ. 2025ರ ಮ್ಯಾಕ್‌ಓಎಸ್ ತಾಹೋದಲ್ಲಿ ಬಣ್ಣ, ಇಮೋಜಿ ಹಾಕುವುದು ಇನ್ನೂ ಸುಲಭ.

2001ರಲ್ಲಿ ಮ್ಯಾಕ್ ಓಎಸ್ ಟೆನ್ ಬಂದಾಗ ಪ್ರತಿ ಬಳಕೆದಾರನಿಗೂ ಒಂದು ಹೋಮ್ ಫೋಲ್ಡರ್ ಸಿಕ್ಕಿತು. ಚಿಹ್ನೆ ಪುಟ್ಟ ಮನೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಲ್ಲ ಅದರೊಳಗೆ. ಈ ಮನೆಯನ್ನು ಬೇರೆ ಡಿಸ್ಕಿಗೆ ಒಯ್ಯಬಹುದು. ಮೊದಲು ಇಡೀ ಫೋಲ್ಡರನ್ನು ಅಲ್ಲಿಗೆ ಕಾಪಿ ಮಾಡಬೇಕು. ಆಮೇಲೆ ಯೂಸರ್ಸ್ ಆ್ಯಂಡ್ ಗ್ರೂಪ್ಸ್‌ನಲ್ಲಿ ನಿಮ್ಮ ಹೆಸರಿನ ಮೇಲೆ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹೊಸ ಜಾಗ ತೋರಿಸಿ, ರೀಸ್ಟಾರ್ಟ್ ಮಾಡಬೇಕು. ಗಮನಿಸಿ, ಇಲ್ಲಿ ಬದಲಾಗುವುದು ವಿಳಾಸ ಮಾತ್ರ. ಸರಕು ತಾನಾಗಿ ಹೋಗುವುದಿಲ್ಲ. ಆ ವಿಳಾಸ ಅಲಿಯಾಸ್‌ನಷ್ಟು ಜಾಣನೂ ಅಲ್ಲ. ಹೊರಗಿನ ಡಿಸ್ಕಿನ ಹೆಸರು ಬದಲಿಸಿದರೆ, ಅಥವಾ ಡಿಸ್ಕ್ ಸಿಕ್ಕಿಸದೆ ಲಾಗಿನ್ ಆದರೆ, ಮನೆ ಸಿಗುವುದಿಲ್ಲ. ಮೂಡುಬಿದಿರೆಯ ಪಾಠ ನೆನಪಿರಲಿ: ಹೊಸದರಲ್ಲಿ ಎಲ್ಲ ತೆರೆದು ತಾಳೆ ನೋಡುವವರೆಗೆ ಹಳೆಯದನ್ನು ಅಳಿಸಬೇಡಿ. ಬೇರೊಂದು ಕಡೆ ಬ್ಯಾಕಪ್ ಇರಲೇಬೇಕು.

ಇದೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಮೂರು ತಾಲೂಕಿನ ಇವತ್ತಿನ ತಾಳೆಗರಿ ಇರುವುದು ಲ್ಯಾಪ್‌ಟಾಪಿನಲ್ಲಿ. ಅಜ್ಜಿ ಹೇಳಿದ ಪಾಡ್ದನದ ರೆಕಾರ್ಡಿಂಗ್, ಹಳೆಯ ಯಕ್ಷಗಾನದ ಕ್ಯಾಸೆಟ್‌ನಿಂದ ಇಳಿಸಿದ ಆಡಿಯೊ, ಮನೆಯ ಹಳೆಯ ಪತ್ರಗಳ ಸ್ಕ್ಯಾನ್. ಎಲ್ಲ ‘ನ್ಯೂ ಫೋಲ್ಡರ್ 2’ರಲ್ಲಿ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಅಂತ ಗೊತ್ತಿರುವವರು ಈಗ ಇದ್ದಾರೆ. ನಾಳೆ ಕೇಳಲಿಕ್ಕೆ ಅವರು ಇರಲಿಕ್ಕಿಲ್ಲ. ಬಣ್ಣದ ಐಕಾನ್ ಹಾಕಿ, ಚಂದ ಕಾಣುತ್ತದೆ. ಆದರೆ ಅದು ಬೇರೆ ಕಂಪ್ಯೂಟರಿಗೆ ಹೋದಾಗ ಉದುರಿಹೋಗಬಹುದು. ಫೋಲ್ಡರಿನ ಹೆಸರು ಉಳಿಯುತ್ತದೆ, ಒಳಗೆ ಇಟ್ಟ ನಾಲ್ಕು ಸಾಲಿನ ಟಿಪ್ಪಣಿ ಉಳಿಯುತ್ತದೆ. ಕನ್ನಡದಲ್ಲೇ ಬರೆಯಿರಿ.

ಈ ವಾರ ಒಂದೇ ಒಂದು ಫೋಲ್ಡರ್ ತೆಗೆದು ಹೆಸರಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.